ನಂಜನಗೂಡಿನ ರಸಬಾಳೆ ಸೊರಗಿದ ಬಗೆ

ನಂಜನಗೂಡೆಂದೊಡನೆ ನಮಗೆ ಶ್ರೀಕಂಠೇಶ್ವರನ ಗೋಪುರದ ಜೊತೆಗೆ ರಸಬಾಳೆಯ ನೆನಪೂ ಬರುತ್ತದೆ. ಕಪಿಲೆಯ ಸೀಮೆಯ ಕರಿಮಣ್ಣಿನಲ್ಲಿ ಬೆಳೆದ ಈ ಹಣ್ಣಿನ ಕಂಪಿಗೆ ಸಾಟಿಯಿಲ್ಲವೆಂದು ಊರವರ ಅಭಿಮಾನ. 2005-06ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆಯಿತು. ಆದರೆ ಆ ವೇಳೆಗೆ ತೋಟಗಳೇ ವಿರಳವಾಗಿದ್ದವು.

ಕಾರಣ, ಪನಾಮಾ ಸೊರಗು ರೋಗ. ಮಣ್ಣಿನಲ್ಲಿ ಬಾಳುವ ಫ್ಯುಸೇರಿಯಂ ಎಂಬ ಶಿಲೀಂಧ್ರವು ಬೇರನ್ನು ಹೊಕ್ಕು, ನೀರೇರುವ ನಾಳಗಳನ್ನು ಆಕ್ರಮಿಸುತ್ತದೆ, ನಾಳಗಳು ಕಟ್ಟಿಹೋಗುತ್ತವೆ. ಕಾಲುವೆ ತುಂಬಿ ಹರಿಯುತ್ತಿದ್ದರೂ ಗಿಡ ಬಾಯಾರಿ ಸಾಯುತ್ತದೆ! ಮೊದಲು ಕೆಳಗಿನ ಎಲೆಗಳ ಅಂಚು ಹಳದಿಯಾಗುತ್ತದೆ. ಬಳಿಕ ಎಲೆ ತೊಟ್ಟಿನಲ್ಲಿ ಮುರಿದು ಜೋತುಬೀಳುತ್ತದೆ. ಕಾಂಡವನ್ನು ಕೊಯ್ದು ನೋಡಿದರೆ ಒಳಗೆ ಕೆಂಗಂದು ಗೆರೆಗಳು.

ಬೀಜದಿಂದ ಹುಟ್ಟುವ ಬೆಳೆಯಾದರೆ ಸಾವಿರಕ್ಕೊಂದು ಸಸಿಯಾದರೂ ರೋಗವನ್ನೆದುರಿಸಿ ಉಳಿದೀತು. ರಸಬಾಳೆಗೆ ಬೀಜವಿಲ್ಲ. ಕಂದು ಕಿತ್ತು ನೆಡುವುದು ವಾಡಿಕೆಯಾದುದರಿಂದ ಗಿಡಗಳೆಲ್ಲವೂ ಒಂದೇ ತಾಯಿಯ ಪಡಿಯಚ್ಚು, ದೌರ್ಬಲ್ಯವೂ ಒಂದೇ. ನೆರೆಯವರು ಪ್ರೀತಿಯಿಂದ ಕೊಟ್ಟ ಕಂದಿನೊಡನೆಯೇ ರೋಗವೂ ಹೊಲದಿಂದ ಹೊಲಕ್ಕೆ ನಡೆಯಬಲ್ಲುದು. ಮಧ್ಯ ಅಮೆರಿಕದ ‘ಗ್ರೋ ಮಿಶೆಲ್’ ಬಾಳೆಯನ್ನು 1960ರ ಸುಮಾರಿಗೆ ವ್ಯಾಪಾರದಿಂದ ಅಳಿಸಿದ್ದೂ ಇದೇ ಶಿಲೀಂಧ್ರ. ಅಲ್ಲಿನ ಕಂಪನಿಗಳು ಕ್ಯಾವೆಂಡಿಷ್ ತಳಿಯನ್ನು ಹಿಡಿದವು. ರಸಬಾಳೆಯ ರುಚಿಗೆ ಬದಲಿ ತಳಿಯನ್ನು ನಾವೆಲ್ಲಿಂದ ತರೋಣ?

ಅಂಗಾಂಶ ಕೃಷಿಯ ಸಸಿಗಳು ರೋಗವಿಲ್ಲದೆ ಬರುತ್ತವೆ, ನಿಜ. ಆದರೆ ರೋಗವನ್ನು ತಡೆಯುವ ಶಕ್ತಿ ಅವಕ್ಕಿಲ್ಲ. ಶಿಲೀಂಧ್ರದ ಕಣಗಳೋ ಮಣ್ಣಿನಲ್ಲಿ ದಶಕಗಳ ಕಾಲ ಸುಪ್ತವಾಗಿರಬಲ್ಲವು. ಆದುದರಿಂದ ಸೊರಗು ಕಂಡ ನೆಲದಲ್ಲಿ ಮತ್ತೆ ಬಾಳೆ ನೆಡದೆ, ನಂಜನಗೂಡು, ತಿರುಮಕೂಡಲು ನರಸೀಪುರಗಳ ನೀರಾವರಿ ಗದ್ದೆಗಳಲ್ಲಿ ಭತ್ತ ಬೆಳೆಯಬಹುದು. ನೀರು ನಿಂತ ಮಣ್ಣಿನಲ್ಲಿ ಶಿಲೀಂಧ್ರದ ಪ್ರಮಾಣ ತಗ್ಗುತ್ತದೆ, ಪೂರ್ತಿಯಾಗಿ ಅಳಿಯದು.