ಬೆಕ್ಕೇ, ನಾಯಿಯೇ? ಲೆಕ್ಕಕ್ಕೆ ಬನ್ನಿ!

0.14 ಮಿಲಿಲೀಟರ್. ಬೆಕ್ಕು ಒಂದು ಸಲ ನಾಲಿಗೆ ಚಾಚಿದರೆ ಒಳಗೆ ಹೋಗುವ ಹಾಲು ಇಷ್ಟೇ. ಡ್ರಾಪರಿನಿಂದ ಬಿಟ್ಟರೆ ಮೂರು ಹನಿ! ಆದರೆ ಆ ನಾಲಿಗೆ ಸೆಕೆಂಡಿಗೆ ಹೆಚ್ಚುಕಡಿಮೆ ನಾಲ್ಕು ಸಲ ಹೋಗಿ ಬರುತ್ತದೆ. ಬರಿಗಣ್ಣಿಗೆ ಕಾಣದ ಈ ಕೈಚಳಕವನ್ನು, ಅಲ್ಲ, ಬಾಯಿಚಳಕವನ್ನು ಅಮೆರಿಕದ ಸಂಶೋಧಕರು 2010ರಲ್ಲಿ ಅತಿವೇಗದ ಕ್ಯಾಮೆರಾದಲ್ಲಿ ಹಿಡಿದು ತೋರಿಸಿದರು. ನಾಲಿಗೆಯ ತುದಿ ಹಿಂದಕ್ಕೆ ಮಡಿಚಿಕೊಂಡು ಹಾಲಿನ ಮೇಲ್ಮೈಯನ್ನು ಬರೀ ಸೋಕುತ್ತದೆ, ಮುಳುಗುವುದಿಲ್ಲ. ಅದು ಮೇಲೇಳುವಾಗ ಹಾಲಿನದೊಂದು ಎಳೆಯೂ ಕಂಬದಂತೆ ಜೊತೆಗೇ ಎದ್ದು ನಿಲ್ಲುತ್ತದೆ. ಕಂಬ ಕುಸಿಯುವ ಮೊದಲೇ ಬಾಯಿ ಗಪ್ಪನೆ ಮುಚ್ಚಿರುತ್ತದೆ. ಅರ್ಧ ಲೀಟರಿನ ಒಂದು ಪ್ಯಾಕೆಟ್ ಹಾಲು ಹೀಗೆ ಖಾಲಿಯಾಗಬೇಕಾದರೆ ನಾಲಿಗೆ ಸುಮಾರು 3,570 ಸಲ ಓಡಾಡಬೇಕು. ಅದಕ್ಕೆ ಬೇಕಾದದ್ದು ಕೇವಲ 15 ನಿಮಿಷ. ಇಷ್ಟನ್ನೂ ಅದು ಕಣ್ಣು ಮುಚ್ಚಿಕೊಂಡೇ ಮಾಡುತ್ತದೆ ಎನ್ನುತ್ತದೆ ನಮ್ಮ ಗಾದೆ!

ನಾಯಿಗೆ ಇಂಥ ನಾಜೂಕು ಗೊತ್ತಿಲ್ಲ. ಅದು ನೀರು ಕುಡಿದರೆ ಬಟ್ಟಲಿನ ಸುತ್ತ ಒಂದಡಿ ನೆಲ ಒದ್ದೆ. ಆದರೆ ಅದೇ ನಾಯಿ ಸ್ನಾನ ಮುಗಿಸಿ ಮೈ ಒದರುವುದನ್ನು ನೋಡಿ. ಲ್ಯಾಬ್ರಡಾರ್ ಸೆಕೆಂಡಿಗೆ ನಾಲ್ಕು ಸಲಕ್ಕಿಂತ ಹೆಚ್ಚು ಆ ಕಡೆ ಈ ಕಡೆ ತಿರುಚಿಕೊಳ್ಳುತ್ತದೆ. ನಾಲ್ಕೇ ಸೆಕೆಂಡಿನಲ್ಲಿ ತುಪ್ಪಳದ ನೀರಿನಲ್ಲಿ ನೂರಕ್ಕೆ 70 ಪಾಲು ಹೊರಗೆ! ಟವೆಲ್ ತರಲು ನೀವು ಒಳಗೆ ಹೋಗಿ ಬರುವಷ್ಟರಲ್ಲಿ ನಾಯಿ ಒಣಗಿರುತ್ತದೆ, ಗೋಡೆ ನೆನೆದಿರುತ್ತದೆ.

ಗಾತ್ರಕ್ಕೆ ಬನ್ನಿ. ನಮ್ಮ ಮುಧೋಳ ನಾಯಿ ಸಪೂರ ಮೈಕಟ್ಟಿನದು. ತೂಕ 25 ಕಿಲೋ ಆಸುಪಾಸು. ಗಿನ್ನೆಸ್ ದಾಖಲೆಯ ಇಂಗ್ಲಿಷ್ ಮಾಸ್ಟಿಫ್ ಜೋರ್ಬಾ 1989ರಲ್ಲಿ ತೂಗಿದ್ದು 155.6 ಕಿಲೋ! ಒಂದು ಜೋರ್ಬಾ ಎಂದರೆ ಆರು ಮುಧೋಳ. ಬೆಕ್ಕುಗಳೇನೂ ಕಡಿಮೆಯಿಲ್ಲ. ಆಸ್ಟ್ರೇಲಿಯಾದ ಹಿಮ್ಮಿ ಎಂಬ ಬೆಕ್ಕು 21.3 ಕಿಲೋ ತೂಗಿ, ಒಂಟಿಯಾಗಿಯೇ ಮುಧೋಳ ನಾಯಿಯ ಹತ್ತಿರ ಬಂದಿತ್ತು. ಇನ್ನು ಎತ್ತರ. ಅಮೆರಿಕದ ಗ್ರೇಟ್ ಡೇನ್ ಜೀಯಸ್ ನೆಲದಿಂದ ಹೆಗಲಿಗೆ 111.8 ಸೆಂ.ಮೀ. ಅದೇ ದೇಶದ ಚಿವಾವಾ ಪರ್ಲ್ ಬರೀ 9.14 ಸೆಂ.ಮೀ. ಹನ್ನೆರಡು ಪರ್ಲ್‌ಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ಜೀಯಸ್‌ನ ಹೆಗಲು ಕೈಗೆಟುಕದೆ ಒಂಚೂರು ಉಳಿಯುತ್ತದೆ. ಎರಡೂ ಒಂದೇ ಜಾತಿಯ ಪ್ರಾಣಿ ಎಂದರೆ ನಂಬಲೇಬೇಕು.

ಕಿವಿಯಲ್ಲಿ ಮಾತ್ರ ಬೆಕ್ಕಿನ ಮುಂದೆ ಯಾರೂ ನಿಲ್ಲುವಂತಿಲ್ಲ. ಮನುಷ್ಯನ ಕಿವಿ ಸೆಕೆಂಡಿಗೆ 20 ಸಾವಿರ ಕಂಪನಗಳಿಗೆ ಸೋತು ಸುಮ್ಮನಾಗುತ್ತದೆ. ನಾಯಿ 45 ಸಾವಿರದವರೆಗೆ ಹೋಗುತ್ತದೆ. ಬೆಕ್ಕು 64 ಸಾವಿರವನ್ನೂ ದಾಟುತ್ತದೆ! ನಮ್ಮ ಮಿತಿಯ ಮೂರು ಪಟ್ಟಿಗಿಂತ ಹೆಚ್ಚು. ಅಂಥ ಕಿವಿಗೆ ನೀವು ಹೆಸರು ಹಿಡಿದು ಹತ್ತು ಸಲ ಕೂಗಿದ್ದು ಕೇಳಿಸಲಿಲ್ಲವೆಂದು ತಿಳಿಯಬೇಡಿ.

ಮೂಗಿನಲ್ಲಿ ನಾಯಿ ಲೆಕ್ಕ ಚುಕ್ತಾ ಮಾಡುತ್ತದೆ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು 50–60 ಲಕ್ಷ. ನಾಯಿಯಲ್ಲಿ 22 ಕೋಟಿಯಿಂದ 30 ಕೋಟಿ! ನಮ್ಮದು ಒಂದು ಮೂಗಾದರೆ ಅದರದು ಐವತ್ತು ಮೂಗು. ನಾಯಿಗಳ ಅರಿವಿನ ಬಗ್ಗೆ ಅಧ್ಯಯನ ಮಾಡುವ ಅಲೆಕ್ಸಾಂಡ್ರಾ ಹೊರೊವಿಟ್ಜ್ ಒಂದು ಹೋಲಿಕೆ ಕೊಡುತ್ತಾರೆ: ಒಂದು ಚಮಚ ಸಕ್ಕರೆಯನ್ನು ಹತ್ತು ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ನೀರಿಗೆ ಹಾಕಿ ಕಲಕಿದರೂ ನಾಯಿ ಪತ್ತೆ ಹಚ್ಚೀತು. ಬೇಸಿಗೆಯಲ್ಲಿ ಬೆಂಗಳೂರಿನ ಓಣಿಗಳಿಗೆ ಬರುವ 6,000 ಲೀಟರಿನ ಟ್ಯಾಂಕರುಗಳನ್ನು ಲೆಕ್ಕಕ್ಕೆ ಹಿಡಿದರೆ 630 ಟ್ಯಾಂಕರ್ ನೀರು, ಒಂದೇ ಚಮಚ ಸಕ್ಕರೆ!

ದನಿಯನ್ನು ಅಳೆಯೋಣ. ಇಂಗ್ಲೆಂಡಿನ ಮೆರ್ಲಿನ್ ಎಂಬ ಬೆಕ್ಕು 2015ರಲ್ಲಿ ಗುರುಗುಟ್ಟಿದ್ದು 67.8 ಡೆಸಿಬೆಲ್. ಪಕ್ಕದಲ್ಲಿ ಕೂತವರು ಟಿ.ವಿ.ಯ ಸದ್ದು ಹೆಚ್ಚಿಸಬೇಕಾದೀತು. ಆಸ್ಟ್ರೇಲಿಯಾದ ಚಾರ್ಲಿ ಎಂಬ ಗೋಲ್ಡನ್ ರಿಟ್ರೀವರ್ 2012ರಲ್ಲಿ ಬೊಗಳಿದ್ದು 113.1 ಡೆಸಿಬೆಲ್. ಎರಡೂ ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ದುಪ್ಪಟ್ಟಿಗೂ ಕಡಿಮೆ ಅನ್ನಿಸುತ್ತದೆ ಅಲ್ಲವೇ? ಡೆಸಿಬೆಲ್ ಲೆಕ್ಕ ಹಾಗಲ್ಲ. ಹತ್ತು ಡೆಸಿಬೆಲ್ ಏರಿದರೆ ಸದ್ದಿನ ತೀವ್ರತೆ ಹತ್ತು ಪಟ್ಟು. ಹಾಗಾಗಿ ಚಾರ್ಲಿಯ ಒಂದೇ ಒಂದು ‘ಬೌ’ಗೆ ಸಮನಾಗಲು ಸುಮಾರು 34 ಸಾವಿರ ಮೆರ್ಲಿನ್‌ಗಳು ಒಟ್ಟಿಗೆ ಗುರುಗುಟ್ಟಬೇಕು! ನಾಯಿ ಬೊಗಳಿದರೆ ದೇವಲೋಕ ಹಾಳಾಗುವುದಿಲ್ಲ, ಸರಿ. ಪಕ್ಕದ ಮನೆಯವರ ನಿದ್ದೆಯ ಬಗ್ಗೆ ಗಾದೆ ಏನೂ ಹೇಳಿಲ್ಲ.

ಇನ್ನು ಓಟ. ಗ್ರೇಹೌಂಡ್ ಗಂಟೆಗೆ 72 ಕಿ.ಮೀ. ಮುಟ್ಟುತ್ತದೆ. ಆ ವೇಗದಲ್ಲಿ 100 ಮೀಟರಿಗೆ 5 ಸೆಕೆಂಡ್. ಬೆಕ್ಕು ಮನಸ್ಸು ಮಾಡಿದರೆ 48 ಕಿ.ಮೀ. ಉಸೇನ್ ಬೋಲ್ಟ್ ತಮ್ಮ ವಿಶ್ವದಾಖಲೆಯ ಓಟದಲ್ಲಿ ಮುಟ್ಟಿದ ತುತ್ತತುದಿಯ ವೇಗ 45 ಕಿ.ಮೀ.ಗೂ ಒಂದೆಳೆ ಕಡಿಮೆ. ನಾಯಿಗೆ ಚಿನ್ನ, ಬೆಕ್ಕಿಗೆ ಬೆಳ್ಳಿ, ಭೂಮಿಯ ಅತಿವೇಗದ ಮನುಷ್ಯನಿಗೆ ಕಂಚು!

ಬೀಳುವುದರಲ್ಲಂತೂ ಬೆಕ್ಕಿಗೆ ಎದುರಾಳಿಯೇ ಇಲ್ಲ. ನ್ಯೂಯಾರ್ಕಿನ ಪಶು ಆಸ್ಪತ್ರೆಯೊಂದಕ್ಕೆ ಐದೇ ತಿಂಗಳಲ್ಲಿ ಎತ್ತರದ ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳು ಬಂದವು. ಸರಾಸರಿ ಐದೂವರೆ ಮಹಡಿಯಿಂದ ಬಿದ್ದಿದ್ದ ಅವುಗಳಲ್ಲಿ ನೂರಕ್ಕೆ 90 ಬದುಕಿಕೊಂಡವು ಎಂದು 1987ರಲ್ಲಿ ಪ್ರಕಟವಾದ ವರದಿ ಹೇಳಿತು. ಸಬ್ರಿನಾ ಎಂಬ ಮಹಾತಾಯಿ ಬಿದ್ದದ್ದು 32ನೇ ಮಹಡಿಯಿಂದ, ಅದೂ ಕಾಂಕ್ರೀಟಿನ ಮೇಲೆ. ವಿಜಯಪುರದ ಗೋಳಗುಮ್ಮಟದ ಮೇಲೆ ಇನ್ನೊಂದು ಗೋಳಗುಮ್ಮಟ ಕಟ್ಟಿ ಅಲ್ಲಿಂದ ಬಿದ್ದಂತೆ! ಆದ ನಷ್ಟ: ಶ್ವಾಸಕೋಶಕ್ಕೊಂದು ಗಾಯ, ಮುಕ್ಕಾದ ಒಂದು ಹಲ್ಲು. (ಬಾಲ್ಕನಿಗೆ ಜಾಲರಿ ಹಾಕಿಸುವುದನ್ನು ಇದನ್ನು ಓದಿ ಮುಂದೂಡಬೇಡಿ.)

ಬುದ್ಧಿಯ ಪಂದ್ಯಕ್ಕೆ ಅಮೆರಿಕದ ದಕ್ಷಿಣ ಕೆರೊಲಿನಾದ ಚೇಸರ್ ಬಂತು ಎಂದರೆ ಮಿಕ್ಕವರು ಎದ್ದು ನಿಲ್ಲಬೇಕು. ಈ ಬಾರ್ಡರ್ ಕೋಲಿ ನಾಯಿಗೆ ಮನಶ್ಶಾಸ್ತ್ರಜ್ಞ ಜಾನ್ ಪಿಲ್ಲಿ ಮೂರು ವರ್ಷ, ದಿನಕ್ಕೆ ನಾಲ್ಕೈದು ಗಂಟೆ ಪಾಠ ಹೇಳಿದರು. ಬಟ್ಟೆಯ ಗೊಂಬೆಗಳು 800, ಚೆಂಡುಗಳು 116, ಫ್ರಿಸ್ಬಿಗಳು 26, ಪ್ಲಾಸ್ಟಿಕ್ ಆಟಿಕೆಗಳು ನೂರರ ಮೇಲೆ. ಪ್ರತಿಯೊಂದಕ್ಕೂ ಬೇರೆ ಬೇರೆ ಹೆಸರು. ಒಟ್ಟು 1,022 ಹೆಸರುಗಳನ್ನು ಚೇಸರ್ ಕಲಿತಿತು, ಹೇಳಿದ್ದನ್ನೇ ಹುಡುಕಿ ತಂದುಕೊಡುತ್ತಿತ್ತು! ನೂರಾ ಹದಿನಾರು ಚೆಂಡುಗಳಲ್ಲಿ ಯಾವುದು ಯಾವುದೆಂದು ನಮಗೆ ನಿಮಗೆ ಗೊತ್ತಾದೀತೇ? ಬೆಕ್ಕಿನ ಕತೆ? ಜಪಾನಿನ ಸಂಶೋಧಕರು 2019ರಲ್ಲಿ ಸಾಬೀತು ಮಾಡಿದಂತೆ ಬೆಕ್ಕು ತನ್ನ ಹೆಸರನ್ನು ಬೇರೆ ಪದಗಳಿಂದ ಬೇರ್ಪಡಿಸಿ ಗುರುತಿಸುತ್ತದೆ. ಗುರುತಿಸಿ ಕಿವಿ ಅಲುಗಿಸುತ್ತದೆ, ಎದ್ದು ಬರುವ ಗೋಜಿಗೆ ಹೋಗುವುದಿಲ್ಲ. ಅಂಕಪಟ್ಟಿ: ನಾಯಿ 1,022, ಬೆಕ್ಕು 1. ಆ ಒಂದು ಪದವೂ ತನ್ನದೇ ಹೆಸರು!

ಆಯಸ್ಸಿನಲ್ಲಿ ಬೆಕ್ಕು ಸೇಡು ತೀರಿಸಿಕೊಳ್ಳುತ್ತದೆ. ಆಸ್ಟ್ರೇಲಿಯಾದ ಬ್ಲೂಯಿ ಎಂಬ ದನಕಾಯುವ ನಾಯಿ 29 ವರ್ಷ 5 ತಿಂಗಳು ಬಾಳಿತು. ಟೆಕ್ಸಸ್‌ನ ಕ್ರೀಮ್ ಪಫ್ ಎಂಬ ಬೆಕ್ಕು ಬಾಳಿದ್ದು 38 ವರ್ಷ 3 ದಿನ! ಅದು ಹುಟ್ಟಿದ 1967ರ ಆಗಸ್ಟ್‌ನಲ್ಲಿ ನಮ್ಮದು ಇನ್ನೂ ಮೈಸೂರು ರಾಜ್ಯ, ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ. ಅದು ಕಣ್ಣು ಮುಚ್ಚಿದ 2005ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ ಧರ್ಮಸಿಂಗ್ ಮುಖ್ಯಮಂತ್ರಿ. ನಡುವಿನವರನ್ನೂ ಸೇರಿಸಿ ಎಣಿಸಿದರೆ ಹನ್ನೆರಡು ಮಂದಿ! ಬೆಕ್ಕು ದಿನಕ್ಕೆ 14 ಗಂಟೆ ಮಲಗುತ್ತದೆ ಎಂದು ಹಿಡಿದರೆ, ಕ್ರೀಮ್ ಪಫ್ 22 ವರ್ಷ ಬರೀ ನಿದ್ದೆ ಮಾಡಿತು. ಬ್ಲೂಯಿಯಾದರೋ ಇಪ್ಪತ್ತು ವರ್ಷ ದನ-ಕುರಿಗಳ ಹಿಂದೆ ದುಡಿದಿತ್ತು.

ನಮ್ಮೊಂದಿಗಿನ ನಂಟಿನ ವಯಸ್ಸು ಇನ್ನೂ ದೊಡ್ಡದು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲೇ ಹೂಳಿದ್ದ ಬೆಕ್ಕಿನ ಗೋರಿಗೆ 9,500 ವರ್ಷ. ಹಲ್ಮಿಡಿ ಶಾಸನದ ವಯಸ್ಸಿನ ಆರು ಪಟ್ಟು! ಜರ್ಮನಿಯ ಬಾನ್ ಬಳಿ ಸಿಕ್ಕ ನಾಯಿಯ ಗೋರಿಗೆ ಸುಮಾರು 14,000 ವರ್ಷ. ಹತ್ತಿರ ಹತ್ತಿರ ಒಂಬತ್ತು ಹಲ್ಮಿಡಿ!

ಸಂತಾನಕ್ಕೆ ಬಂದರೆ, ಒಂದೇ ಹೆರಿಗೆಯ ದಾಖಲೆ ನಾಯಿಯದು. 2004ರಲ್ಲಿ ಬ್ರಿಟನ್ನಿನ ಟಿಯಾ 24 ಮರಿ ಹಾಕಿತು. ಬೆಕ್ಕಿನ ದಾಖಲೆ 19. ಆದರೆ ಇಡೀ ಜೀವಮಾನದ ಲೆಕ್ಕ ತೆಗೆದರೆ ಟೆಕ್ಸಸ್‌ನ ಡಸ್ಟಿ ಎಂಬ ಬೆಕ್ಕು 1952ರ ಹೊತ್ತಿಗೆ ಹೆತ್ತ ಮರಿಗಳು 420! ಸಂಖ್ಯೆ ಕಂಡು ನಗಬೇಡಿ, ಇದರಲ್ಲಿ ಮೋಸವಿಲ್ಲ.

ಬೇಟೆಯಲ್ಲಿ ಒಂದು ತಮಾಷೆಯ ಕಾಕತಾಳೀಯವಿದೆ. ಸ್ಕಾಟ್ಲೆಂಡಿನ ಗ್ಲೆಂಟರೆಟ್ ವಿಸ್ಕಿ ಭಟ್ಟಿಯಲ್ಲಿದ್ದ ಟೌಸರ್ ಎಂಬ ಬೆಕ್ಕಿನ ಹೆಸರಿನಲ್ಲಿ ಗಿನ್ನೆಸ್ ದಾಖಲಿಸಿರುವ ಇಲಿಗಳು 28,899. ಮೂಗಿನಿಂದ ಬಾಲದ ಬುಡಕ್ಕೆ 8 ಸೆಂ.ಮೀ. ಎಂದು ಹಿಡಿದು ಸಾಲಾಗಿ ಮಲಗಿಸಿದರೆ 2 ಕಿಲೋಮೀಟರ್ ಮೀರುವ ಮೆರವಣಿಗೆ! 1963ರಿಂದ 1987ರವರೆಗೆ ಬದುಕಿದ್ದ ಅದರ ಸರಾಸರಿ ದಿನಕ್ಕೆ 3.3 ಇಲಿ. ಲಂಡನ್ನಿನ ಬಿಲ್ಲಿ ಎಂಬ ನಾಯಿ 1823ರಲ್ಲಿ ಬಾಜಿಯ ಅಖಾಡವೊಂದರಲ್ಲಿ ಐದೂವರೆ ನಿಮಿಷದಲ್ಲಿ 100 ದೊಡ್ಡ ಇಲಿಗಳನ್ನು ಮುಗಿಸಿತು. ಭಾಗಿಸಿ ನೋಡಿ: ಇಲಿಯೊಂದಕ್ಕೆ 3.3 ಸೆಕೆಂಡ್! ಬೆಕ್ಕು ದಿನಕ್ಕೆ 3.3, ನಾಯಿ 3.3 ಸೆಕೆಂಡಿಗೊಂದು. ನಾಯಿಗೆ ಹುರಿದುಂಬಿಸುವ ಜನ ಬೇಕಿತ್ತು. ಬೆಕ್ಕಿಗೆ ಅವಸರವೇ ಇರಲಿಲ್ಲ.

ಈಗ ಲಕ್ಷಗಳಿಗೆ ಏರೋಣ. 2023ರ ಎಣಿಕೆಯಲ್ಲಿ ಬೆಂಗಳೂರಿನಲ್ಲಿ ಸಿಕ್ಕ ಬೀದಿನಾಯಿಗಳು 2,79,335. ರಾತ್ರಿ ಹತ್ತರ ಮೇಲೆ ಬೈಕಿನಲ್ಲಿ ಮನೆಗೆ ಹೋಗುವವರಿಗೆ ಅಷ್ಟೂ ಒಂದೇ ಓಣಿಯಲ್ಲಿವೆ ಅನ್ನಿಸುತ್ತದೆ. ಇಡೀ ಕರ್ನಾಟಕದಲ್ಲಿ, 2019ರ ಜಾನುವಾರು ಗಣತಿಯ ಪ್ರಕಾರ, 11 ಲಕ್ಷಕ್ಕೂ ಹೆಚ್ಚು. ದೊಡ್ಡ ಸಂಖ್ಯೆಯೇ? ಈಜಿಪ್ಟಿಗೆ ಹೋಗಿ. ಬೆಕ್ಕನ್ನು ದೇವರೆಂದ ಆ ನಾಡಿನ ಬೆನಿ ಹಸನ್‌ನಲ್ಲಿ 1888ರಲ್ಲಿ ಬೆಕ್ಕುಗಳ ಮಮ್ಮಿಗಳ ರಾಶಿಯೇ ಸಿಕ್ಕಿತು. ಅದರಿಂದ ಸುಮಾರು 1,80,000 ಮಮ್ಮಿಗಳು, 19 ಟನ್ ತೂಕದ್ದು, ಹಡಗೇರಿ ಲಿವರ್‌ಪೂಲ್ ಸೇರಿ ಗೊಬ್ಬರವಾದವು! ನಾಯಿಯದು? ಸಕ್ಕಾರಾದಲ್ಲಿ ನರಿಮುಖದ ದೇವತೆ ಅನುಬಿಸ್‌ನ ನೆಲಮಾಳಿಗೆಯನ್ನು ಅಳೆದ ಸಂಶೋಧಕರ ಅಂದಾಜು 80 ಲಕ್ಷ ಪ್ರಾಣಿಗಳು, ಬಹುಪಾಲು ನಾಯಿಗಳೇ. ಕರ್ನಾಟಕದ ಬೀದಿನಾಯಿಗಳನ್ನೆಲ್ಲ ಏಳು ಸಲ ತುಂಬಿದಷ್ಟು!

ಲಕ್ಷ ಸಾಲದೆಂದರೆ ಕೋಟಿ. ಮೊದಲು ನೆಲದ ಮೇಲಿನ ಒಂದು ನಡಿಗೆ. 1923ರಲ್ಲಿ ಇಂಡಿಯಾನಾದಲ್ಲಿ ಯಜಮಾನರಿಂದ ತಪ್ಪಿಸಿಕೊಂಡ ಬಾಬಿ ಎಂಬ ನಾಯಿ ಆರು ತಿಂಗಳ ಮೇಲೆ ಒರೆಗಾನಿನ ತನ್ನ ಮನೆ ಬಾಗಿಲಿಗೆ ಬಂತು. ಕ್ರಮಿಸಿದ ದೂರ ಸುಮಾರು 4,100 ಕಿ.ಮೀ.; ಬೆಂಗಳೂರಿನಿಂದ ದಿಲ್ಲಿಗೆ ನಡೆದು ಮತ್ತೆ ನಡೆದೇ ವಾಪಸ್ಸು! ಇನ್ನು ಆಕಾಶ. ಫ್ರಾನ್ಸಿನ ಫೆಲಿಸೆಟ್ ಎಂಬ ಬೆಕ್ಕು 1963ರ ಅಕ್ಟೋಬರ್ 18ರಂದು ರಾಕೆಟ್ ಏರಿ 157 ಕಿ.ಮೀ. ಎತ್ತರ ಮುಟ್ಟಿ, ಸುಮಾರು ಕಾಲು ಗಂಟೆಯೊಳಗೆ ಜೀವಂತ ಇಳಿಯಿತು. ಬೆಂಗಳೂರು–ಮೈಸೂರು ರಸ್ತೆಯನ್ನು ನೆಟ್ಟಗೆ ಎತ್ತಿ ನಿಲ್ಲಿಸಿದರೂ ಅಷ್ಟೆತ್ತರ ಬರುವುದಿಲ್ಲ. ಬೆಲ್ಕಾ, ಸ್ಟ್ರೆಲ್ಕಾ ಎಂಬ ಸೋವಿಯತ್ ನಾಯಿಗಳು 1960ರಲ್ಲಿ ಒಂದು ದಿನ ಭೂಮಿಯನ್ನು ಸುತ್ತಿ ಸುಖವಾಗಿ ಮರಳಿದ್ದವು. ಅವಕ್ಕೂ ಮೊದಲು 1957ರಲ್ಲಿ ಹೋದ ಲೈಕಾಗೆ ಆ ಭಾಗ್ಯ ಇರಲಿಲ್ಲ. ಕೆಲವೇ ಗಂಟೆಗಳಲ್ಲಿ ಅದು ಸತ್ತಿತು. ಅದನ್ನು ಹೊತ್ತ ಸ್ಪುಟ್ನಿಕ್–2 ಮಾತ್ರ ಭೂಮಿಗೆ 2,570 ಸುತ್ತು ಹಾಕಿ ಕ್ರಮಿಸಿದ್ದು ಸುಮಾರು 10 ಕೋಟಿ ಕಿ.ಮೀ. ಚಂದ್ರನಿಗೆ 130 ಸಲ ಹೋಗಿ ಬಂದಷ್ಟು!

ಹತ್ತು ಕೋಟಿಯನ್ನೂ ಸಣ್ಣದು ಮಾಡುವ ಸಂಖ್ಯೆ ಬೆಕ್ಕಿನ ಪಂಜದಲ್ಲಿದೆ. ಅಮೆರಿಕದ ಬೆಕ್ಕುಗಳು ವರ್ಷಕ್ಕೆ ಕೊಲ್ಲುವ ಹಕ್ಕಿಗಳು 130 ಕೋಟಿಯಿಂದ 400 ಕೋಟಿ ಎಂದು 2013ರ ಅಧ್ಯಯನವೊಂದು ಅಂದಾಜಿಸಿತು. ಕಡಿಮೆ ಅಂಕಿಯನ್ನೇ ಹಿಡಿದರೂ ಸೆಕೆಂಡಿಗೆ 41 ಹಕ್ಕಿ! ಈ ವಾಕ್ಯ ಓದಿ ಮುಗಿಸುವಷ್ಟರಲ್ಲಿ ನೂರು ದಾಟಿತು.

ಕೊನೆಯ ಸಂಖ್ಯೆ ಎಲ್ಲಕ್ಕಿಂತ ದೊಡ್ಡದು. ಮೆದುಳಿನ ಹೊರಪದರದಲ್ಲಿರುವ ನರಕೋಶಗಳನ್ನು 2017ರಲ್ಲಿ ಎಣಿಸಿ ನೋಡಿದವರಿಗೆ ಸಿಕ್ಕಿದ್ದು ಬೆಕ್ಕಿನಲ್ಲಿ 25 ಕೋಟಿ, ನಾಯಿಯಲ್ಲಿ 53 ಕೋಟಿ. ಬೆಕ್ಕಿನ ಮೆದುಳಿನ ಹತ್ತು ಪಟ್ಟು ದೊಡ್ಡ ಮೆದುಳಿರುವ ಕಂದು ಕರಡಿಗೂ ಹೆಚ್ಚುಕಡಿಮೆ ಬೆಕ್ಕಿನಷ್ಟೇ! ಮನುಷ್ಯನಲ್ಲಿ 1,600 ಕೋಟಿ. ಅಂದರೆ ನಾವು ಒಬ್ಬೊಬ್ಬರೂ 30 ನಾಯಿಗಳಿಗೆ, 64 ಬೆಕ್ಕುಗಳಿಗೆ ಸಮ. ಇಂಥ 1,600 ಕೋಟಿಯ ಒಡೆಯ ಬೆಳಗಿನ ಐದಕ್ಕೆ ಹಾಸಿಗೆ ಬಿಟ್ಟು ಎದ್ದು 25 ಕೋಟಿಯ ಪ್ರಾಣಿಗೆ ಬಾಗಿಲು ತೆಗೆಯುತ್ತಾನೆ. ಅದು ಹೊಸ್ತಿಲ ಮೇಲೆ ನಿಂತು, ಹೊರಗೆ ಹೋಗಲೋ ಬೇಡವೋ ಎಂದು ಯೋಚಿಸುತ್ತದೆ. ಆಮೇಲೆ ಅದೇ ಒಡೆಯ 53 ಕೋಟಿಯ ಪ್ರಾಣಿಯನ್ನು ಬೀದಿಗೆ ಕರೆದೊಯ್ದು, ಅದು ಕೆಲಸ ಮುಗಿಸುವವರೆಗೆ ಪ್ಲಾಸ್ಟಿಕ್ ಚೀಲ ಬಿಡಿಸಿ ಹಿಡಿದು ಕಾಯುತ್ತಾನೆ.