ವಾಲ್ವ್ ನಿಜಕ್ಕೂ ಮುಚ್ಚಿದೆಯೇ?

1979ರ ಮಾರ್ಚ್ 28ರ ನಸುಕಿನಲ್ಲಿ ಅಮೆರಿಕದ ಥ್ರೀ ಮೈಲ್ ಐಲ್ಯಾಂಡ್ ಅಣು ವಿದ್ಯುತ್ ಸ್ಥಾವರದ ಎರಡನೇ ಘಟಕದಲ್ಲಿ ಒತ್ತಡ ಇಳಿಸುವ ವಾಲ್ವ್ ತೆರೆದುಕೊಂಡಿತು. ತೆರೆಯಬೇಕಾದದ್ದೇ. ಆದರೆ ಮತ್ತೆ ಮುಚ್ಚಲಿಲ್ಲ. ನಿಯಂತ್ರಣ ಕೊಠಡಿಯ ದೀಪ ಮಾತ್ರ ಆರಿತ್ತು. ಆ ದೀಪ ತೋರಿಸುತ್ತಿದ್ದದ್ದು ವಾಲ್ವ್‌ನ ಸ್ಥಿತಿಯನ್ನಲ್ಲ, ಅದರ ಸೊಲೆನಾಯ್ಡ್‌ಗೆ ವಿದ್ಯುತ್ ಹೋಗುತ್ತಿದೆಯೇ ಎಂಬುದನ್ನಷ್ಟೇ. ಸಿಬ್ಬಂದಿ ಮುಚ್ಚಿದೆ ಎಂದೇ ನಂಬಿದರು. ಎರಡು ಗಂಟೆಗೂ ಹೆಚ್ಚು ಹೊತ್ತು ತಂಪುಗೊಳಿಸುವ ನೀರು ಸೋರಿಹೋಯಿತು, ಇಂಧನದ ಅರ್ಧದಷ್ಟು ಕರಗಿತು.

ನಮ್ಮೂರು ಹಣಕೋಣ. ಕಾಳಿ ನದಿಯ ಮೇಲ್ಭಾಗದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳ ಕೈಗಾ ಸ್ಥಾವರವಿದೆ. ಅದರ ಮೊದಲ ಘಟಕ ನಿಲ್ಲದೆ 962 ದಿನ ಓಡಿ 2018ರ ಡಿಸೆಂಬರ್ 31ರಂದು ನಿಂತಿತು. ಆಗ ಅದು ವಿಶ್ವದಾಖಲೆ. ಹಾಗಾಗಿ ವಾಲ್ವ್‌ನ ಈ ಕಥೆ ನನಗೆ ದೂರದ್ದು ಅನ್ನಿಸುವುದಿಲ್ಲ. ಊರಿನ ಸಾತೇರಿ ದೇವಿಯ ಬಾಗಿಲು ವರ್ಷಕ್ಕೆ ಏಳು ದಿನ ಮಾತ್ರ ತೆರೆಯುತ್ತದೆ. ಕಾರ್ಖಾನೆಗಳಲ್ಲೂ ಇಂಥ ವಾಲ್ವ್‌ಗಳಿವೆ: ವರ್ಷವಿಡೀ ಸುಮ್ಮನಿದ್ದು ಬೇಕಾದ ದಿನ ತಪ್ಪದೆ ತೆರೆಯಬೇಕು. ತೆರೆದದ್ದನ್ನು ಯಾರಾದರೂ ನಿಜವಾಗಿ ನೋಡಿ ಹೇಳಬೇಕು.

ಆ ಕೆಲಸ ಪೊಸಿಷನ್ ಸೆನ್ಸರ್‌ನದು. ಹಿಂದೆ ಇದಕ್ಕೆ ಪೊಟೆನ್ಶಿಯೋಮೀಟರ್ ಹೆಚ್ಚು ಬಳಕೆಯಲ್ಲಿತ್ತು. ಅದರೊಳಗಿನ ಕಡ್ಡಿ ಉಜ್ಜಿ ಉಜ್ಜಿ ಸವೆಯುತ್ತದೆ. ಈಗ ತಿರುಗುವ ಶಾಫ್ಟ್‌ನ ತುದಿಗೆ ಪುಟ್ಟ ದುಂಡು ಆಯಸ್ಕಾಂತ ಕೂರಿಸಿ, ಎದುರಿಗೆ ಮುಟ್ಟದಂತೆ ಒಂದು ಚಿಪ್ ಇಡುತ್ತಾರೆ. ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಪರಿಣಾಮವೇ ಇದರ ಜೀವ. ನಾವು ಪ್ರಾಜೆಕ್ಟ್‌ಗೆ ಕೊಳ್ಳುವ ಎಎಸ್5600 ಚಿಪ್ ಪೂರ್ತಿ ಸುತ್ತನ್ನು 4096 ಭಾಗ ಮಾಡುತ್ತದೆ. ಬಾಲ್ ವಾಲ್ವ್ ತಿರುಗುವುದು 90 ಡಿಗ್ರಿ ಮಾತ್ರ, ಅಂದರೆ ನಮಗೆ ಸಿಗುವುದು 1024 ಮೆಟ್ಟಿಲು. ಸಾಕು, ಬೇಕಾದಷ್ಟಾಯಿತು.

ಕಷ್ಟ ಇರುವುದು ಚಿಪ್‌ನಲ್ಲಲ್ಲ, ಅದನ್ನು ಕೂರಿಸುವುದರಲ್ಲಿ. ಪಠ್ಯದಲ್ಲಿ ಹಾಲ್ ಪರಿಣಾಮದ ಸೂತ್ರ ಪುಟಗಟ್ಟಲೆ ಇರುತ್ತದೆ, ಮೌಂಟಿಂಗ್ ಬಗ್ಗೆ ಒಂದು ಸಾಲೂ ಇರುವುದಿಲ್ಲ! ಮೊದಲನೆಯದಾಗಿ, ಆಯಸ್ಕಾಂತದ ಉತ್ತರ ಮತ್ತು ದಕ್ಷಿಣ ಧ್ರುವಗಳು ವ್ಯಾಸದ ಉದ್ದಕ್ಕೆ ಎದುರುಬದುರು ಇರಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವ, ಮೇಲೊಂದು ಕೆಳಗೊಂದು ಧ್ರುವ ಇರುವ ಬಿಲ್ಲೆ ತಿರುಗಿದರೂ ಚಿಪ್‌ಗೆ ಗೊತ್ತೇ ಆಗುವುದಿಲ್ಲ. ಉಕ್ಕಿನ ಶಾಫ್ಟ್‌ಗೆ ತೂತು ಕೊರೆದು ನೇರವಾಗಿ ಕೂರಿಸಿದರೆ ಉಕ್ಕೇ ಕಾಂತಕ್ಷೇತ್ರವನ್ನು ಎಳೆದುಕೊಳ್ಳುತ್ತದೆ. ನಡುವೆ ಹಿತ್ತಾಳೆ ಅಥವಾ ಅಲ್ಯೂಮಿನಿಯಂ ಬಟ್ಟಲು ಬೇಕು. ಚಿಪ್‌ಗೂ ಆಯಸ್ಕಾಂತಕ್ಕೂ ಅಂತರ ಒಂದೆರಡು ಮಿಲಿಮೀಟರ್. ಎರಡರ ಕೇಂದ್ರ ಕಾಲು ಮಿಲಿಮೀಟರ್‌ಗಿಂತ ಹೆಚ್ಚು ಸರಿದರೆ ಕೋನ ಸುಳ್ಳು ಹೇಳತೊಡಗುತ್ತದೆ. ಪಕ್ಕದಲ್ಲೇ ಮೋಟಾರ್ ಇಲ್ಲವೇ ಸೊಲೆನಾಯ್ಡ್ ಇದ್ದರೆ ಅದರ ಕ್ಷೇತ್ರವೂ ಬಂದು ಸೇರುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆ, ಯಾವ ಶಾಫ್ಟ್‌ಗೆ ಕೂರಿಸುವುದು? ಮೋಟಾರ್ ಕಡೆ ಜಾಗ ಧಾರಾಳ, ಕೆಲಸ ಸಲೀಸು. ಆದರೆ ಮೋಟಾರ್‌ಗೂ ವಾಲ್ವ್‌ಗೂ ನಡುವೆ ಗೇರ್, ಕೀಲಿ, ಕಪ್ಲಿಂಗ್ ಇವೆ. ಕೀಲಿ ಮುರಿದರೂ ಮೋಟಾರ್ ತಿರುಗುತ್ತಲೇ ಇರುತ್ತದೆ, ಸೆನ್ಸರ್ ‘ಮುಚ್ಚಿದೆ’ ಎನ್ನುತ್ತಲೇ ಇರುತ್ತದೆ. ಥ್ರೀ ಮೈಲ್ ಐಲ್ಯಾಂಡ್‌ನ ದೀಪ ಹೇಳಿದ್ದೂ ಇದೇ ಬಗೆಯ ಸುಳ್ಳು. ವಾಲ್ವ್‌ನ ಕಾಂಡಕ್ಕೆ ಆದಷ್ಟು ಹತ್ತಿರ ಕೂರಿಸಬೇಕೆಂದು ನಾನು ಹಟ ಹಿಡಿಯುವುದು ಅದಕ್ಕೇ, ಬ್ರಾಕೆಟ್ ಎಷ್ಟೇ ವಕ್ರವಾಗಲಿ.

ಕಾಲುಸುತ್ತು ಆ್ಯಕ್ಚುಯೇಟರ್‌ಗಳ ತಲೆಯ ಮೇಲೆ ಸೆನ್ಸರ್ ಪೆಟ್ಟಿಗೆ ಕೂರಿಸಲು ತೂತುಗಳ ಅಳತೆ ಸಾಮಾನ್ಯವಾಗಿ 80 ಮಿಲಿಮೀಟರ್‌ಗೆ 30 ಮಿಲಿಮೀಟರ್. ಜರ್ಮನಿಯ ವಿಡಿಐ/ವಿಡಿಇ 3845 ಮಾನದಂಡದಿಂದ ಬಂದದ್ದು. ಕೋರ್ ಕಂಪನಿಯ ಸಂದರ್ಶನಕ್ಕೆ ಹೋಗುವವರು ಈ ಸಂಖ್ಯೆ ನೆನಪಿಟ್ಟುಕೊಳ್ಳಿ. ಕಾರವಾರ, ಅಂಕೋಲಾದಂಥ ಕಡಲೂರುಗಳಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಮಾತು: ಉಪ್ಪುಗಾಳಿ ಬ್ರಾಕೆಟ್‌ಗಿಂತ ಮೊದಲು ತಿನ್ನುವುದು ಸ್ಕ್ರೂಗಳನ್ನು. ಹೊಸದಾಗಿ ಕೂರಿಸಿದ ದಿನ ವಾಲ್ವ್ ಪೂರ್ತಿ ತೆರೆದಾಗ ಮತ್ತು ಮುಚ್ಚಿದಾಗ ಬಂದ ಅಂಕಿಗಳನ್ನು ಬರೆದಿಡಿ. ಮಳೆಗಾಲ ಮುಗಿದ ಮೇಲೆ ಮತ್ತೊಮ್ಮೆ ಹೋಲಿಸಿ ನೋಡಿ.