ನಂಬರ್ ತಪ್ಪಿದರೆ ಬಣ್ಣವೇ ಹೇಳುತ್ತದೆ

ಕಾರಿನ ಬಾಗಿಲಿಗೆ ಬೈಕ್ ತಗುಲಿ ನೆಗ್ಗು ಬಿದ್ದಿದೆ ಅಂದುಕೊಳ್ಳಿ. ಟಿಂಕರ್ ಅದನ್ನು ತಟ್ಟಿ ಎಬ್ಬಿಸುತ್ತಾನೆ, ಪೇಂಟರ್ ಪುಟ್ಟಿ ಹಚ್ಚುತ್ತಾನೆ. ಗಿರಾಕಿಯ ಕಣ್ಣಿಗೆ ಬೀಳುವುದು ಕೊನೆಗೆ ಹೊಡೆದ ಬಣ್ಣ. ಅದು ನಿಲ್ಲುವುದೋ ಕೆಡುವುದೋ ತೀರ್ಮಾನವಾಗುವುದು ಮಾತ್ರ ಅದಕ್ಕೂ ಮೊದಲು, ಉಜ್ಜುವ ಹಂತದಲ್ಲಿ.

ಮರದ ತುಂಡಿಗೆ ಉಪ್ಪುಕಾಗದ ಸುತ್ತಿ ಉಜ್ಜುತ್ತಿದ್ದ ಕೈಗಳಿಗೆ ಈಗ ಗಾಳಿಯ ಸ್ಯಾಂಡರ್ ಸಿಕ್ಕಿದೆ. ಅಂಗೈಯಲ್ಲಿ ಹಿಡಿಯುವ, ಆರು ಇಂಚಿನ ದುಂಡು ತಳದ ಮಿಷನ್ ಇದು. ಕಂಪ್ರೆಸರ್‌ನಿಂದ ಬರುವ ಗಾಳಿ ಒಳಗಿನ ಪುಟ್ಟ ರೆಕ್ಕೆಗಳನ್ನು ತಳ್ಳುತ್ತದೆ. ಒತ್ತಡ ಸಾಮಾನ್ಯವಾಗಿ 90 ಪಿಎಸ್‌ಐ, ಕಾರಿನ ಟೈರಿಗೆ ತುಂಬುವುದರ ಹೆಚ್ಚುಕಡಿಮೆ ಮೂರು ಪಟ್ಟು. ತಳ ಬರೀ ಸುತ್ತುವುದಿಲ್ಲ, ಸುತ್ತುತ್ತಲೇ ಓಲಾಡುತ್ತದೆ. ಹಾಗಾಗಿ ಗೀರುಗಳು ಒಂದೇ ಜಾಡಿನಲ್ಲಿ ಬೀಳುವುದಿಲ್ಲ. 5 ಮಿ.ಮೀ. ಓಲಾಟದ್ದು ಪುಟ್ಟಿ ತೆಗೆಯಲು, 2.5 ಮಿ.ಮೀ.ನದು ನಯ ಮಾಡಲು. ಒತ್ತಿ ಹಿಡಿದರೆ ಬೇಗ ಆಗುತ್ತದೆ ಅನ್ನುವುದು ಹೊಸಬರ ಭ್ರಮೆ. ಒತ್ತಿದರೆ ಸುತ್ತು ಕುಂದುತ್ತದೆ, ಓರೆ ಹಿಡಿದರೆ ಗುಳಿ ಬೀಳುತ್ತದೆ. ಮಿಷನ್ನಿನ ತೂಕವೇ ಸಾಕು.

ಇನ್ನು ಕಾಗದ. ನಂಬರ್ ಹೆಚ್ಚಿದಂತೆ ಹರಳು ಸಣ್ಣದು: 80ರ ಹರಳು ಸುಮಾರು 0.2 ಮಿ.ಮೀ., 400ರದು 35 ಮೈಕ್ರಾನ್, 2000ದ್ದು ಬರೀ 10 ಮೈಕ್ರಾನ್. ಪುಟ್ಟಿಗೆ 80ರಿಂದ ಶುರುಮಾಡಿ 120, 180, 320 ಎಂದು ಏರಬೇಕು. ಪ್ರೈಮರ್‌ಗೆ 400ರಿಂದ 600. ಒಂದೊಂದು ನಂಬರಿನ ಕೆಲಸವೂ ಹಿಂದಿನದರ ಗೀರನ್ನು ಅಳಿಸುವುದು. 80ರಿಂದ ನೇರ 320ಕ್ಕೆ ಹಾರಿದರೆ ಕೈಗೆ ನುಣುಪೆನಿಸುತ್ತದೆ, ಆಳದ ಗೀರು ಮಾತ್ರ ಅಲ್ಲೇ ಕೂತಿರುತ್ತದೆ. ಪ್ರೈಮರ್ ಅದನ್ನು ಮುಚ್ಚಿಕೊಂಡು, ವಾರಗಳ ಮೇಲೆ ಪೂರ್ತಿ ಒಣಗಿ ಕುಗ್ಗಿದಾಗ ಹೊಳೆಯುವ ಬಾಗಿಲಲ್ಲಿ ಗೆರೆಗಳೆದ್ದು ಕಾಣುತ್ತವೆ. ಅದಕ್ಕೇ ತಿಳಿದವರು ಪ್ರೈಮರ್ ಮೇಲೊಂದು ತೆಳು ಕಪ್ಪು ಸ್ಪ್ರೇ ಹೊಡೆದು ಉಜ್ಜುತ್ತಾರೆ. ಕಪ್ಪು ಉಳಿದಲ್ಲೆಲ್ಲ ತಗ್ಗು ಅಂತ ಲೆಕ್ಕ.

ಪಾಲಿಯೆಸ್ಟರ್ ಪುಟ್ಟಿಗೆ ನೀರು ಹಾಕಿ ಉಜ್ಜುವ ರೂಢಿ ನಮ್ಮ ಗ್ಯಾರೇಜುಗಳಲ್ಲಿ ಇನ್ನೂ ಇದೆ, ನನಗದು ಹಿಡಿಸದು. ಪುಟ್ಟಿ ನೀರು ಹೀರಿಕೊಳ್ಳುತ್ತದೆ, ಆಮೇಲೆ ಗುಳ್ಳೆ, ತುಕ್ಕು. ವಾಟರ್ ಪೇಪರ್ ಏನಿದ್ದರೂ ಪ್ರೈಮರ್‌ನಿಂದ ಮೇಲೆ. ಅದು ಹುಟ್ಟಿದ ಕಥೆಯೂ ಧೂಳಿನದೇ. ಫಿಲಡೆಲ್ಫಿಯಾದ ಶಾಯಿ ತಯಾರಕ ಫ್ರಾನ್ಸಿಸ್ ಓಕಿ ನೀರಿಗೆ ಜಗ್ಗದ ಕಾಗದ ಮಾಡಿದ, 1921ರಲ್ಲಿ 3ಎಂ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ಅಂದಿನ ಬಣ್ಣದಲ್ಲಿ ಸೀಸವಿರುತ್ತಿತ್ತು. ಒಣದಾಗಿ ಉಜ್ಜುವವರ ಎದೆಗೆ ಅದೇ ಧೂಳು ಇಳಿಯುತ್ತಿತ್ತು. ಇದೇ ಕಾಗದ ಹೊತ್ತು ಗ್ಯಾರೇಜು ಸುತ್ತುತ್ತಿದ್ದ ಡಿಕ್ ಡ್ರೂ ಎಂಬ 3ಎಂ ನೌಕರ, ಎರಡು ಬಣ್ಣದ ಕಾರಿಗೆ ಅಂಚು ಹೊಂದಿಸಲು ಪೇಂಟರುಗಳು ಪಡುತ್ತಿದ್ದ ಪಾಡು ಕಂಡು 1925ರಲ್ಲಿ ಮಾಸ್ಕಿಂಗ್ ಟೇಪ್ ಮಾಡಿದ.

ಧೂಳಿನ ಕಾಟ ಈಗಲೂ ತಪ್ಪಿಲ್ಲ. ಪುಟ್ಟಿಯ ಪುಡಿ, ಹಳೆ ಬಣ್ಣದ ಪುಡಿ ಮೂಗಿಗೆ ಕಟ್ಟಿದ ಕರ್ಚೀಫಿಗೆಲ್ಲ ನಿಲ್ಲುವುದಿಲ್ಲ. ಎನ್95 ಮಾಸ್ಕ್ ಬೇಕು, ಕನ್ನಡಕ ಬೇಕು, ಕಿವಿಗೂ ರಕ್ಷಣೆ ಬೇಕು. ಕಾಗದ ಬದಲಿಸುವ ಮುನ್ನ ಪೈಪ್ ಕಳಚಲೇಬೇಕು. ತಿರುವಿ ಹಿಡಿದಾಗ ಅಂಗೈ ಮಿಷನ್ ಚಾಲೂ ಮಾಡುವ ಲಿವರ್ ಒತ್ತಿಬಿಡುವುದು ತೀರಾ ಸುಲಭ, ಬೆರಳು ಅಲ್ಲೇ ಇರುತ್ತದೆ. ಕಾಗದದ ತೂತು ತಳದ ತೂತಿಗೆ ಕೂಡಬೇಕು, ಇಲ್ಲವಾದರೆ ಧೂಳು ಎಳೆಯುವ ವ್ಯವಸ್ಥೆ ಇದ್ದೂ ಇಲ್ಲದಂತೆ. ತಳವನ್ನು ತಗಡಿನ ಮೇಲಿಟ್ಟೇ ಲಿವರ್ ಒತ್ತಬೇಕು. ಸಂಜೆ ಬಟ್ಟೆಯ ಧೂಳನ್ನು ಗಾಳಿ ಗನ್ನಿನಿಂದ ಕೊಡವಿಕೊಳ್ಳುವ ಅಭ್ಯಾಸ ಅಪಾಯದ್ದು: ಕೈಯಲ್ಲೊಂದು ಸಣ್ಣ ಗಾಯವಿದ್ದರೂ ಒತ್ತಡದ ಗಾಳಿ ಚರ್ಮದೊಳಗೆ ನುಗ್ಗೀತು. ಬೆಳಿಗ್ಗೆ ಮಿಷನ್ನಿಗೆ ನಾಲ್ಕು ಹನಿ ಎಣ್ಣೆ, ಸಂಜೆ ಕಂಪ್ರೆಸರ್ ಟ್ಯಾಂಕಿನ ನೀರು ಬಸಿಯುವುದು, ಇಷ್ಟಕ್ಕೆ ಸೋಮಾರಿತನ ಬೇಡ.

ಬಾಗಿಲಿನ ಏಣು, ಹಿಡಿಕೆಯ ಸುತ್ತಮುತ್ತ ಮಿಷನ್ ಬೇಡ, ಕೈಯೇ ಆಗಬೇಕು. ಅಲ್ಲಿ ಬಣ್ಣದ ಪದರ ತೆಳು, ಕ್ಷಣದಲ್ಲಿ ತಗಡು ಹೊರಬೀಳುತ್ತದೆ. ಪಳಗಿದ ಪೇಂಟರ್ ಏಣಿನುದ್ದಕ್ಕೂ ಮಾಸ್ಕಿಂಗ್ ಟೇಪ್ ಅಂಟಿಸಿಯೇ ಸ್ಯಾಂಡರ್‌ಗೆ ಪೈಪ್ ಸಿಕ್ಕಿಸುತ್ತಾನೆ.